ಹಾಜರಿ

ಹಾಜರಿಯ ಮಾತೆತ್ತಿದರೆ ನಮ್ಮ ಕಾಲೇಜಿನ ವಿದ್ಯಾರ್ಥಿ ಮಿತ್ರರಿಗೆ ಮೊದಲು ನೆನಪಾಗುವುದು ನೂರಕ್ಕೆ 75 ಎಂಬ ಅಂಕಿ. ಅಷ್ಟು ತುಂಬದಿದ್ದರೆ ಪರೀಕ್ಷೆಗೆ ಕೂಡಗೊಡುವುದಿಲ್ಲ. ಆದಕಾರಣ ಪರೀಕ್ಷೆ ಹತ್ತಿರ ಬಂದಂತೆಲ್ಲ ಆಫೀಸಿನ ಕಿಟಕಿಯ ಮುಂದೆ ಜಾತ್ರೆ ನೆರೆಯುತ್ತದೆ. ವೈದ್ಯರ ಚೀಟಿಗಳು ಹುಟ್ಟಿಕೊಳ್ಳುತ್ತವೆ. ಎಂದೋ ಕಾಲವಾದ ಅಜ್ಜಂದಿರು ಮತ್ತೊಮ್ಮೆ ಕಾಲವಾಗುತ್ತಾರೆ. ಒಬ್ಬನೇ ಮಿತ್ರನು ಮೂರು ಹೆಸರುಗಳಿಗೆ ಮೂರು ಬೇರೆ ಬೇರೆ ಕಂಠಗಳಲ್ಲಿ ‘ಯೆಸ್ ಸರ್’ ಎಂದು, ನಾಲ್ಕನೆಯದು ಹೆಣ್ಣುಮಗಳ ಹೆಸರೆಂಬುದನ್ನು ಮರೆತು ಎದ್ದು ನಿಂತ ಪ್ರಸಂಗವನ್ನು ನಾವೆಲ್ಲ ಕಂಡು ನಕ್ಕವರೇ. ನಾನೂ ನಕ್ಕಿದ್ದೇನೆ. ಆದರೆ ಈ ಶಬ್ದವನ್ನು ನಮ್ಮ ಮನೆಯಲ್ಲಿ ನಗುತ್ತ ಆಡುವಂತಿಲ್ಲ. ಅದೇಕೆಂಬುದನ್ನು ಹೇಳುವುದಕ್ಕಾಗಿಯೇ ಈ ನಾಲ್ಕು ಪುಟ.

ನಾನು ಉತ್ತರ ಕರ್ನಾಟಕದ ಒಂದು ಪಟ್ಟಣದ ಸೆಟ್ಲಮೆಂಟಿನಲ್ಲಿ ಹುಟ್ಟಿ ಬೆಳೆದವನು. ಪಟ್ಟಣದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೇಳಿದರೆ ಅದೊಂದೇ ಊರಿನ ಕಥೆಯೆಂದು ವಾಚಕರು ಭಾವಿಸಿಯಾರು. ಈಗ ಅಲ್ಲಿ ಬೇಲಿಯಿಲ್ಲ, ಕಾವಲಿಲ್ಲ. ಪಕ್ಕಾ ಮನೆಗಳಿವೆ, ನಳದ ನೀರಿದೆ, ದುರ್ಗವ್ವನ ಗುಡಿಯಿದೆ, ಎರಡು ಮೊಬೈಲ್ ಅಂಗಡಿಗಳಿವೆ. ಆದರೆ ಹೆಸರು ಮಾತ್ರ ಹಾಗೆಯೇ ಉಳಿದಿದೆ. ರಿಕ್ಷಾದವನಿಗೆ ‘ಸೆಟ್ಲಮೆಂಟ್’ ಎಂದರೆ ಸಾಕು, ಒಮ್ಮೆ ಹಿಂತಿರುಗಿ ನಮ್ಮ ಮುಖ ನೋಡುತ್ತಾನೆ.

ಕಾಲೇಜು ಸೇರಿದ ಮೊದಲ ವರ್ಷ, ಒಂದು ರಾತ್ರಿ ಊಟಕ್ಕೆ ಕುಳಿತಾಗ, “ಅಜ್ಜೀ, ನಾಳೆ ಎಂಟಕ್ಕ ಹಾಜರಿ ಐತಿ, ಲಗೂನ ಎಬ್ಬಸು” ಎಂದೆ. ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಿದ್ದ ಅಜ್ಜಿಯ ಕೈ ಅಲ್ಲಿಯೇ ನಿಂತಿತು.

“ಯಾರ ಹಾಜರಿ? ಎಲ್ಲಿಗೆ ಕರ್ದಾರ? ನಿನ್ನೊಬ್ಬನ್ನ ಕರ್ದಾರೋ, ಮನಿಮಂದಿನೆಲ್ಲಾ ಕರ್ದಾರೋ?”

“ಕಾಲೇಜಿನ ಹಾಜರಿ, ಅಜ್ಜಿ. ಸರ್ ಹೆಸರು ಕರೀತಾರ, ನಾವು ಹೂಂ ಅಂತೀವಿ.”

“ಹೋಗದಿದ್ರ?”

“ಹೋಗದಿದ್ರ ಏನೂ ಆಗೂದಿಲ್ಲ.”

ಅಜ್ಜಿ ಬಹಳ ಹೊತ್ತು ನನ್ನನ್ನೇ ನೋಡಿದಳು. “ಹೋಗದಿದ್ರೂ ಏನೂ ಆಗದ ಹಾಜರಿ ಅದೆಂಥಾದ್ದೋ ತಮ್ಮಾ!” ಎಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ಅಜ್ಜಿಗೆ ಈಗ 85 ದಾಟಿದೆ. ಸ್ವಾತಂತ್ರ್ಯ ಬಂದಾಗ ಏಳೆಂಟು ವರ್ಷದ ಹುಡುಗಿ. ಅವಳ ಬಾಲ್ಯವೆಲ್ಲ ಆ ಬೇಲಿಯ ಒಳಗೇ ಕಳೆಯಿತು. ಅಂದು ರಾತ್ರಿ ಅವಳು ಹೇಳಿದ್ದನ್ನು, ಅನಂತರ ನಾನು ಕೆದಕಿ ಕೆದಕಿ ಕೇಳಿದ್ದನ್ನು, ಇಲ್ಲಿ ಕೂಡಿಸಿ ಬರೆಯುತ್ತೇನೆ. ಬೆಳಗು ಹರಿಯುವ ಮುನ್ನ ಗಂಟೆ ಬಾರಿಸುತ್ತಿದ್ದರು. ಗೇಟಿನ ಬಳಿ ಒಂದು ಮೇಜು, ಮೇಜಿನ ಮೇಲೆ ಕಂದೀಲು, ಕಂದೀಲಿನ ಬೆಳಕಿನಲ್ಲಿ ಹೆಸರಿನ ಪಟ್ಟಿ. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಹೆಸರು ಕರೆದೊಡನೆ ‘ಹಾಜರ್’ ಎನ್ನಬೇಕು. ಗಿರಣಿಗೆ ಹೋಗುವವರು ಹಾಜರಿ ಕೊಟ್ಟು ಹೋಗಬೇಕು, ಬಂದ ಮೇಲೆ ಮತ್ತೆ ಕೊಡಬೇಕು. ಪರವೂರಿನ ಮದುವೆಗೆ ಹೋಗಬೇಕಾದರೆ ಪಾಸು ಬರೆಯಿಸಬೇಕು. ಪಾಸಿನ ಮೇಲೆ ಹೋಗುವ ಊರು, ಹಿಡಿಯುವ ದಾರಿ, ತಿರುಗಿ ಬರುವ ದಿವಸ ಎಲ್ಲವೂ ಇರುತ್ತಿದ್ದವು. ಆ ದಿವಸ ತಪ್ಪಿದರೆ ಸೆರೆಮನೆ.

ಒಮ್ಮೆ ಅಜ್ಜಿಯ ಸೋದರಮಾವನಿಗೆ ವಿಷಮಜ್ವರ ಬಂದಿತ್ತಂತೆ. ಬಿಟ್ಟರೆ ಗೈರುಹಾಜರಿ ಬೀಳುವುದೆಂದು ಇಬ್ಬರು ಹೊತ್ತು ತಂದು ಅವನನ್ನು ಸಾಲಿನಲ್ಲಿ ಕೂಡ್ರಿಸಿದರು. ಹೆಸರು ಕರೆದರು, ಅವನಿಗೆ ದನಿ ಹೊರಡಲಿಲ್ಲ. ಕೈಯೆತ್ತಿದ. ಬರೆಯುವವನು ತಲೆ ಮೇಲೆತ್ತಲಿಲ್ಲ. ಪಟ್ಟಿಯನ್ನೇ ನೋಡುತ್ತ ಮತ್ತೊಮ್ಮೆ ಕೂಗಿದ. ಆಗ ಹೆಂಗಸರ ಸಾಲಿನಿಂದ ಅಜ್ಜಿಯ ತಾಯಿ, ಗಂಡುದನಿ ಮಾಡಿ, ‘ಹಾಜರ್’ ಎಂದಳು. ನಮ್ಮ ಮನೆತನದಲ್ಲಿ ಮೊದಲ ಪ್ರಾಕ್ಸಿ ಕೊಟ್ಟವಳು ನನ್ನ ಮುತ್ತಜ್ಜಿ. ಅಂದಿನಿಂದ ನಾನು ತರಗತಿಯಲ್ಲಿ ಯಾರ ಪ್ರಾಕ್ಸಿಯನ್ನೂ ಕೊಟ್ಟಿಲ್ಲ. ಮಿತ್ರರು ಇದನ್ನು ನನ್ನ ಅಹಂಕಾರವೆಂದು ಭಾವಿಸಿದ್ದರೆ ಇಂದು ಕ್ಷಮಿಸಬೇಕು.

ಇಷ್ಟೆಲ್ಲ ಯಾವ ಅಪರಾಧಕ್ಕೆ ಎಂದು ವಾಚಕರು ಕೇಳಬಹುದು. ಹುಟ್ಟಿದ ಅಪರಾಧಕ್ಕೆ. 1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾನೂನು ಎಂಬುದೊಂದನ್ನು ಮಾಡಿತು. ಈ ದೇಶದಲ್ಲಿ ನೇಕಾರನ ಮಗ ನೇಯುತ್ತಾನೆ, ಬಡಗಿಯ ಮಗ ಬಡಗಿಯಾಗುತ್ತಾನೆ. ಹಾಗೆಯೇ ಅಪರಾಧವನ್ನೇ ಕುಲಕಸುಬಾಗಿ ಉಳ್ಳವರೂ ಇರಲೇಬೇಕು ಎಂಬುದು ಆ ಮಸೂದೆಯ ಪರವಾಗಿ ಹೂಡಿದ ತರ್ಕ. ಒಂದು ಜನಾಂಗದ ಹೆಸರು ಸರಕಾರದ ಪ್ರಕಟಣೆಯಲ್ಲಿ ಬಂದಿತೆಂದರೆ ಮುಗಿಯಿತು. ಅದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಮೊದಲು ಉತ್ತರ ಹಿಂದುಸ್ಥಾನದಲ್ಲಿದ್ದ ಈ ಕಾನೂನು 1911ರ ತಿದ್ದುಪಡಿಯಿಂದ ಬ್ರಿಟಿಷ್ ಇಂಡಿಯಾಕ್ಕೆಲ್ಲ ಹರಡಿತು. ಬೆರಳಚ್ಚು, ಹಾಜರಿ, ಪಾಸು, ಸೆಟ್ಲಮೆಂಟು ಎಲ್ಲವೂ ಅದರಲ್ಲಿದ್ದವು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಇಡುವ ಅಧಿಕಾರವೂ ಅದರಲ್ಲಿತ್ತು. 1924ರಲ್ಲಿ ಅದನ್ನು ಇನ್ನೊಮ್ಮೆ ಕ್ರೋಡೀಕರಿಸಿದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಕಡೆಯ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಇಂಥ ಸೆಟ್ಲಮೆಂಟುಗಳಿದ್ದವು.

ನಾವು ಕೊರವರು. ಹಗ್ಗ ಹೊಸೆಯುವುದು, ಬುಟ್ಟಿ, ಕಸಬರಿಗೆ ಕಟ್ಟುವುದು, ಕಣಿ ಹೇಳುವುದು ನಮ್ಮ ಹಿರಿಯರ ಕೆಲಸಗಳು. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು ನಮ್ಮವನೆಂದು ನಾವು ಪೂಜಿಸುತ್ತೇವೆ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವೇ ಕಳಚಿ ಕೆರೆಗೆ ಬಿದ್ದರೂ ಕಾಯಕವನ್ನು ಬಿಡದೆ ಹಗ್ಗ ಹೊಸೆಯುವುದಕ್ಕೆ ನಡೆದವನು ಅವನೆಂದು ಕಥೆ. ಕನ್ನಡ ಕಾವ್ಯಗಳಲ್ಲಿಯೂ ಯಕ್ಷಗಾನದಲ್ಲಿಯೂ ಕೊರವಂಜಿ ಬಂದು ರಾಣಿಯ ಕೈ ನೋಡಿ ಭವಿಷ್ಯ ನುಡಿಯುತ್ತಾಳೆ. 1942ರಲ್ಲಿ ಡಾ. ಎಂ. ಶಿವರಾಂ ಅವರು ತಮ್ಮ ಹಾಸ್ಯಪತ್ರಿಕೆಗೆ ‘ಕೊರವಂಜಿ’ ಎಂದೇ ಹೆಸರಿಟ್ಟರು. ನಾಡೆಲ್ಲ ಅದನ್ನು ಓದಿ ನಕ್ಕಿತು. ಅದೇ 1942ರಲ್ಲಿ ನಿಜವಾದ ಕೊರವಂಜಿಯರು ಬೇಲಿಯ ಒಳಗೆ ಸಾಲಾಗಿ ನಿಂತು ‘ಹಾಜರ್’ ಎನ್ನುತ್ತಿದ್ದರು. ಪತ್ರಿಕೆಯ ಮೇಲೆ ನನಗೆ ದೂರಿಲ್ಲ. ಎರಡೂ ಒಂದೇ ನಾಡಿನಲ್ಲಿ, ಒಂದೇ ವರ್ಷದಲ್ಲಿ ಇದ್ದುವೆಂಬುದನ್ನು ಮಾತ್ರ ನೆನಪಿಸುತ್ತಿದ್ದೇನೆ.

ಅದಕ್ಕೂ ಹಿಂದೆ ನಮ್ಮಲ್ಲಿ ಅನೇಕರು ಕತ್ತೆ, ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಬರುತ್ತಿದ್ದರು. ಹೋಗುವಾಗ ಧಾನ್ಯ ಒಯ್ಯುತ್ತಿದ್ದರು. ಸರಕಾರದ ಉಪ್ಪಿನ ನೀತಿಯೂ ಉಗಿಬಂಡಿಯೂ ಕೂಡಿ ಆ ವ್ಯಾಪಾರವನ್ನು ಮುರಿದವು. ವ್ಯಾಪಾರ ಹೋಯಿತು, ಅಲೆಯುವುದು ಮಾತ್ರ ಉಳಿಯಿತು. ಉಪ್ಪು ಹೊತ್ತು ಅಲೆಯುವವನು ವ್ಯಾಪಾರಿ. ಬರಿಗೈಯಲ್ಲಿ ಅಲೆಯುವವನು ಕಳ್ಳ. ಜನ ಅವರೇ, ದಾರಿಯೂ ಅದೇ.

ಹಾಗಾದರೆ ನಿಮ್ಮಲ್ಲಿ ಕಳ್ಳರೇ ಇರಲಿಲ್ಲವೆ ಎಂದು ಕೇಳುವವರುಂಟು. ಇದ್ದರು. ಹಸಿದವರಿರುವ ಯಾವ ಕೇರಿಯಲ್ಲಿ ಇಲ್ಲ? ಕದ್ದವನನ್ನು ಹಿಡಿಯಲಿ, ವಿಚಾರಿಸಲಿ, ಶಿಕ್ಷಿಸಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಒಬ್ಬನು ಕದ್ದನೆಂದು ಊರಿನ ಅಕ್ಕಸಾಲಿಗರನ್ನೋ ಒಕ್ಕಲಿಗರನ್ನೋ ತೊಟ್ಟಿಲ ಕೂಸಿನ ಸಹಿತ ಬೇಲಿಯೊಳಗೆ ಹಾಕಿದ ಉದಾಹರಣೆಯನ್ನು ನಾನು ಇತಿಹಾಸದಲ್ಲಿ ಓದಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸೆಟ್ಲಮೆಂಟನ್ನು ನಡೆಯಿಸಿದವರೆಲ್ಲ ದುಷ್ಟರಾಗಿರಲಿಲ್ಲ. ಅವರು ಅದನ್ನು ಸೆರೆಮನೆಯೆಂದು ಕರೆಯಲಿಲ್ಲ, ಸುಧಾರಣೆಯೆಂದು ಕರೆದರು. ಶಾಲೆಗಳಿದ್ದವು, ಕೆಲಸವಿತ್ತು, ಔಷಧವಿತ್ತು. ನನ್ನ ಅಜ್ಜಿ ತನ್ನ ಹೆಸರು ಬರೆಯಲು ಕಲಿತದ್ದು ಅಲ್ಲಿಯೇ. ಅನೇಕ ಸೆಟ್ಲಮೆಂಟುಗಳನ್ನು ಸಾಲ್ವೇಶನ್ ಆರ್ಮಿಯಂಥ ಮಿಶನರಿ ಸಂಸ್ಥೆಗಳಿಗೆ ಒಪ್ಪಿಸಲಾಗಿತ್ತು. ಅದರ ಮುಖಂಡರಾಗಿದ್ದ ಬೂತ್-ಟಕ್ಕರ್ ಎಂಬವರು ಅಪರಾಧಿಗಳನ್ನು ಗುಣಪಡಿಸುವ ಶಾಸ್ತ್ರಕ್ಕೆ ‘ಕ್ರಿಮಿನೋಕ್ಯುರಾಲಜಿ’ ಎಂಬ ಹೊಸ ಶಬ್ದವನ್ನೇ ಹುಟ್ಟಿಸಿ ಒಂದು ಪುಸ್ತಕ ಬರೆದರು. ರೋಗವನ್ನು ಅವರೇ ಹೆಸರಿಸಿದರು, ಮದ್ದನ್ನು ಅವರೇ ಅರೆದರು, ಗುಣವಾಯಿತೇ ಇಲ್ಲವೇ ಎಂಬುದನ್ನೂ ಅವರೇ ಬರೆದುಕೊಂಡರು. ರೋಗಿಯ ಮಾತನ್ನು ಯಾರೂ ಕೇಳಲಿಲ್ಲ. ರೋಗಿಗೆ ರೋಗವೇ ಇಲ್ಲ, ಹಸಿವೆಯಿದೆ ಎಂಬುದು ಆ ಶಾಸ್ತ್ರದಲ್ಲಿ ಸೇರಲೇ ಇಲ್ಲ.

ಕಾನೂನು ಹೋಯಿತು. ಮದರಾಸು, ಮುಂಬಯಿ ಪ್ರಾಂತಗಳು ಮುಂಚಿತವಾಗಿಯೇ ಅದನ್ನು ತೆಗೆದುಹಾಕಿದ್ದವು. ಅನಂತಶಯನಂ ಅಯ್ಯಂಗಾರರ ಸಮಿತಿಯ ವರದಿಯಾದ ಮೇಲೆ 1952ರ ಆಗಸ್ಟ್ 31ರಂದು ದೇಶದಲ್ಲೆಲ್ಲ ಅದು ರದ್ದಾಯಿತು. ಅಂದಿನಿಂದ ನಾವು ‘ವಿಮುಕ್ತರು’. ದೇಶಕ್ಕೆ ಸ್ವಾತಂತ್ರ್ಯ ಬಂದ 5 ವರ್ಷ 16 ದಿವಸಗಳ ಮೇಲೆ ನಮಗೆ ಬಂದಿತು. ಆದರೆ ಹಳೆಯ ಕಾನೂನಿನ ಜಾಗದಲ್ಲಿ ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾನೂನುಗಳನ್ನು ತಂದವು. ಆಗಿನ ನಮ್ಮ ಮೈಸೂರು ರಾಜ್ಯವೂ 1961ರಲ್ಲಿ ಒಂದನ್ನು ಮಾಡಿತು. ಅದರಲ್ಲಿ ಜಾತಿಯ ಹೆಸರಿಲ್ಲ, ವ್ಯಕ್ತಿಯ ಹೆಸರಿದೆ ಎಂಬುದು ನಿಜ. ಆದರೆ ಪಟ್ಟಿ ಬರೆಯುವ ಕೈಗೆ ಹಳೆಯ ಕೇರಿಯ ದಾರಿ ಚೆನ್ನಾಗಿ ಗೊತ್ತಿತ್ತು. 2007ರಲ್ಲಿ ವಿಶ್ವಸಂಸ್ಥೆಯ ವರ್ಣಭೇದ ನಿವಾರಣಾ ಸಮಿತಿಯು ಈ ಕಾನೂನನ್ನು ತೆಗೆದುಹಾಕಿರೆಂದು ನಮ್ಮ ದೇಶಕ್ಕೆ ಹೇಳಿತು.

ಇದು ಹಳೆಯ ಕಥೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಾನು ಪಿ.ಯು. ಓದುವಾಗ ಬೇರೊಂದು ಊರಿನ ವಸತಿಗೃಹದಲ್ಲಿದ್ದೆ. ಒಂದು ಸಂಜೆ ನಮ್ಮ ಕೋಣೆಯವನೊಬ್ಬನ ಮೊಬೈಲು ಕಾಣೆಯಾಯಿತು. ಕೋಣೆಯಲ್ಲಿ ಆರು ಜನರಿದ್ದೆವು. ಟ್ರಂಕು ತೆರೆಯಿಸಿದ್ದು ನನ್ನೊಬ್ಬನದು. ಅಂಗಿ, ಪುಸ್ತಕ, ಅವ್ವ ಕೊಟ್ಟ ಶೇಂಗಾ ಹಿಂಡಿಯ ಡಬ್ಬಿ ಎಲ್ಲವೂ ನೆಲದ ಮೇಲೆ ಬಂದವು. ನಾನು ಎಲ್ಲಿಯವನೆಂಬುದನ್ನು ಯಾರಿಗೂ ಹೇಳಿರಲಿಲ್ಲ. ಅರ್ಜಿಯಲ್ಲಿನ ವಿಳಾಸವೇ ಹೇಳಿತ್ತು. ಮರುದಿನ ಮೊಬೈಲು ಅವನದೇ ಗಾದಿಯ ಕೆಳಗೆ ಸಿಕ್ಕಿತು. ಎಲ್ಲರೂ ನಕ್ಕು ಸುಮ್ಮನಾದರು. ಅಡಿಗೆಯ ಯಲ್ಲವ್ವ ಮಾತ್ರ ಅಂದು ನನ್ನ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿ, “ಉಣ್ಣು ತಮ್ಮಾ” ಎಂದಳು. ಅಷ್ಟೇ ನನಗೆ ದೊರೆತ ಕ್ಷಮಾಪಣೆ.

ಆ ವರ್ಷದ ಕೊನೆಗೆ ದಾಖಲೆಪತ್ರಗಳ ಜೊತೆಗೆ ನನಗೊಂದು ನಡತೆಯ ಪ್ರಮಾಣಪತ್ರ ಸಿಕ್ಕಿತು. ‘ಇವರ ನಡತೆಯು ಉತ್ತಮವಾಗಿರುತ್ತದೆ’ ಎಂದು ಅಚ್ಚು ಹಾಕಿದ ಸಾಲು. ಎಲ್ಲರಿಗೂ ಕೊಡುವ ಕಾಗದವೇ. ಮನೆಯಲ್ಲಿ ಓದಿ ತೋರಿಸಿದೆ. ಅಜ್ಜಿ ಮತ್ತೊಮ್ಮೆ ಓದಿಸಿದಳು. ಸೀಲಿನ ಮೇಲೆ ಬೆರಳಾಡಿಸಿದಳು.

“ಸರಕಾರದವರ ಬರ್ದಕೊಟ್ಟಾರನು?”

“ಹೌದಜ್ಜಿ.”

“ಎಷ್ಟ ದಿನಾ ನಡೀತೈತಿ ಇದು?”

ಪಾಸಿಗೆ ದಿವಸದ ಮಿತಿಯಿದ್ದಂತೆ ಒಳ್ಳೆಯತನಕ್ಕೂ ಮಿತಿಯಿರಬೇಕೆಂದು ಅವಳ ಎಣಿಕೆ. ನಾನು ಏನೆಂದು ಉತ್ತರ ಕೊಡಲಿ? ಕಾಣೆಯಾಗುವ ಮುಂದಿನ ಮೊಬೈಲಿನ ತನಕ ಎನ್ನಲೆ?

ಕಳೆದ ಎರಡು ವರ್ಷಗಳಿಂದ ವಾಚನಾಲಯದಲ್ಲಿ ನಾನು ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ನಮಗಾಗಿ ಒಳ್ಳೆಯದನ್ನು ಮಾಡಿದವರ ಸಂಖ್ಯೆ ಕಡಿಮೆಯಿಲ್ಲ. ರೇಣಕೆ ಆಯೋಗವು 2008ರಲ್ಲಿ ವರದಿ ಕೊಟ್ಟಿತು. ಇದಾತೆ ಆಯೋಗದ ವರದಿ ಅದಾದ ಹತ್ತು ವರ್ಷಕ್ಕೆ ಬಂದಿತು. 2019ರಲ್ಲಿ ಒಂದು ಅಭಿವೃದ್ಧಿ ಮಂಡಳಿ ಆಯಿತು. 2022ರಲ್ಲಿ ‘ಸೀಡ್’ ಎಂಬ ಯೋಜನೆ ಬಂದು, ದೇಶದ ವಿಮುಕ್ತ, ಅಲೆಮಾರಿ ಜನರೆಲ್ಲರ ಓದು, ಆರೋಗ್ಯ, ಉದ್ಯೋಗ, ಮನೆಗಳಿಗಾಗಿ 5 ವರ್ಷಗಳಿಗೆ 200 ಕೋಟಿ ರೂಪಾಯಿ ಎಂದು ಗೊತ್ತಾಯಿತು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಮಹತ್ವದ ತೀರ್ಪೊಂದನ್ನು ಕೊಟ್ಟಿತು. ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ, ಕೈದಿಗಳ ದಫ್ತರಿನಿಂದ ಜಾತಿಯ ಅಂಕಣವನ್ನು ತೆಗೆದುಹಾಕಬೇಕು, ವಿಮುಕ್ತ ಜನರನ್ನು ಮನಬಂದಂತೆ ಬಂಧಿಸದ ಹಾಗೆ ಪೋಲೀಸರು ಎಚ್ಚರ ವಹಿಸಬೇಕು ಎಂದಿತು. ಆ ಮೊಕದ್ದಮೆಯನ್ನು ಹೂಡಿದವರು ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ. ಈ ತೀರ್ಪಿನ ಸುದ್ದಿಯನ್ನು ಅಜ್ಜಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಠಾಣೆದಾಗ ಇದನ್ನ ಓದಿ ಹೇಳವ್ರು ಯಾರದಾರ?”

ನನ್ನ ಲೇಖನದ ತಿರುಳೆಲ್ಲ ಆ ಪ್ರಶ್ನೆಯಲ್ಲಿದೆ. ಎಂಬತ್ತು ವರ್ಷ ನಮ್ಮ ಹಾಜರಿಯನ್ನು ಗೇಟಿನ ಬಳಿ ತೆಗೆದುಕೊಂಡರು. ನಮ್ಮ ವಿಷಯವಾಗಿ ನಿರ್ಣಯ ಮಾಡುವ ಕೋಣೆಯಲ್ಲಿ ನಮ್ಮ ಹಾಜರಿಯನ್ನು ಕೇಳಿದವರು ತೀರ ವಿರಳ. ಕಾನೂನು ಬಂದಾಗಲೂ ನಾವಿರಲಿಲ್ಲ, ಸುಧಾರಣೆ ಬಂದಾಗಲೂ ನಾವಿರಲಿಲ್ಲ.

ಬೇರೆ ದೇಶಗಳಲ್ಲಿ ಇಂಥ ಜನರ ಪಾಡೇನೆಂದು ನೋಡಹೊರಟಾಗ ಆಶ್ಚರ್ಯವಾಯಿತು. ಅದೇ ಕಥೆ, ಸಮುದ್ರದ ಆಚೆ. ಆಸ್ಟ್ರೇಲಿಯಾದಲ್ಲಿ ಪೋಲೀಸು ಠಾಣೆ, ಸೆರೆಮನೆಗಳಲ್ಲಿ ಸತ್ತ 99 ಮಂದಿ ಮೂಲನಿವಾಸಿಗಳ ಸಾವನ್ನು 1987ರಿಂದ 1991ರ ವರೆಗೆ ಒಂದು ರಾಯಲ್ ಕಮಿಶನ್ ವಿಚಾರಿಸಿ 339 ಶಿಫಾರಸುಗಳನ್ನು ಮಾಡಿತು. ಮೂಲನಿವಾಸಿಗಳ ಬಾಳಿನ ನಿರ್ಣಯವನ್ನು ಅವರೇ ಮಾಡುವಂತಾಗಬೇಕೆಂಬುದು ಅವುಗಳ ಸಾರ. ಅನೇಕವು ಪುಸ್ತಕದಲ್ಲಿಯೇ ಉಳಿದವು. ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಅವರು ಇಂದಿಗೂ ಕೈದಿಗಳಲ್ಲಿ ಮೂವರಿಗೆ ಒಬ್ಬರಂತೆ ಇದ್ದಾರೆ.

ಆದರೆ ಅದೇ ದೇಶದಲ್ಲಿ, ಡಾರ್ಲಿಂಗ್ ನದಿಯ ದಂಡೆಯ ಮೇಲೆ ಬರ್ಕ್ ಎಂಬ ಸಣ್ಣ ಊರಿದೆ. ಅಲ್ಲಿಯ ಮೂಲನಿವಾಸಿಗಳು 2013ರ ಸುಮಾರಿಗೆ ತಾವೇ ಕೂಡಿ ‘ಮರಂಗೂಕ’ ಎಂಬ ಕಾರ್ಯವನ್ನು ಆರಂಭಿಸಿದರು. ಅವರ ಭಾಷೆಯಲ್ಲಿ ಆ ಶಬ್ದಕ್ಕೆ ಇತರರನ್ನು ಆರೈಕೆ ಮಾಡುವುದು ಎಂದರ್ಥ. ನಮ್ಮ ಹುಡುಗರು ಮೊದಲು ಠಾಣೆಯ ಮೆಟ್ಟಿಲು ಹತ್ತುವುದು ಯಾವ ಕಾರಣಕ್ಕೆ ಎಂದು ಅವರು ಲೆಕ್ಕ ತೆಗೆದರು. ಲೈಸೆನ್ಸ್ ಇಲ್ಲದೆ ಗಾಡಿ ನಡೆಯಿಸುವುದು ಅವುಗಳಲ್ಲೊಂದು. ದಂಡ ಕಟ್ಟಲಾರದೆ, ಮತ್ತೆ ಸಿಕ್ಕಿಬಿದ್ದು, ಹುಡುಗರು ಸೆರೆಮನೆಯ ದಾರಿ ಹಿಡಿಯುತ್ತಿದ್ದರು. ಆದಕಾರಣ ಅವರಿಗೆ ಗಾಡಿ ಕಲಿಸಿ ಲೈಸೆನ್ಸ್ ಕೊಡಿಸುವ ಏರ್ಪಾಡಾಯಿತು. ಎಂಥ ಸಣ್ಣ ಮದ್ದು! ಊರಿನ ತಾಯಂದಿರಿಗೆ ಮೊದಲಿನಿಂದಲೂ ಗೊತ್ತಿದ್ದ ಮದ್ದು. ರಾಜಧಾನಿಯ ಯಾವ ಶಾಸ್ತ್ರದಲ್ಲಿಯೂ ಅದಿರಲಿಲ್ಲ. ಹುಡುಗರ ಮೇಲಿನ ಮೊಕದ್ದಮೆಗಳೂ ಮನೆಯೊಳಗಿನ ಹೊಡೆತಬಡಿತಗಳೂ ಅಲ್ಲಿ ಕಡಿಮೆಯಾದವೆಂದು 2018ರ ಒಂದು ವರದಿ ಲೆಕ್ಕ ಹಾಕಿ ತೋರಿಸಿತು.

ನ್ಯೂಜಿಲೆಂಡಿನಲ್ಲಿ ಮಾವೊರಿ ಹಿರಿಯರ ಮುಂದಾಳುತನದ ಸಮಿತಿಯೊಂದು ಒಂದು ವರದಿ ಬರೆಯಿತು. ಅದರ ಹೆಸರಿಗೆ ‘ಬೆಳಗು’ ಎಂದರ್ಥ. ಅದರ ಫಲವಾಗಿ 1989ರ ಕಾನೂನು ಬಂದಿತು. ಬಾಲಕನೊಬ್ಬ ತಪ್ಪು ಮಾಡಿದರೆ ಅವನ ಮನೆಯವರು, ಬಂಧುಗಳು, ನಷ್ಟ ಅನುಭವಿಸಿದವರು, ಪೋಲೀಸರು ಒಂದೆಡೆ ಕುಳಿತು ಮುಂದಿನ ದಾರಿಯನ್ನು ಗೊತ್ತುಮಾಡುವ ಪದ್ಧತಿ ಅದರಿಂದ ಬೆಳೆಯಿತು. ನಮ್ಮ ಕಡೆಯ ಪಂಚರ ಕಟ್ಟೆಯನ್ನು ನೆನಪಿಸುವ ಪದ್ಧತಿ. ಆದರೂ ಆ ದೇಶದ ಕೈದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂದಿಗೂ ಮಾವೊರಿಗಳೇ. ಕೂಡ್ರಲು ಚಾಪೆಯನ್ನು ಕೊಟ್ಟರು, ಹಣವನ್ನೂ ಅಧಿಕಾರವನ್ನೂ ತಾವೇ ಇಟ್ಟುಕೊಂಡರು ಎಂಬುದು ಮಾವೊರಿಗಳಲ್ಲಿ ಅನೇಕರ ದೂರು. ಈ ದೂರು ನಮಗೂ ಪಾಠ. ಸಭೆಗೆ ಕರೆದು ಚಹಾ ಕೊಟ್ಟು ಸಹಿ ತೆಗೆದುಕೊಂಡರೆ ಅದೂ ಒಂದು ಬಗೆಯ ಹಾಜರಿಯೇ ಸರಿ.

ನಮ್ಮ ದೇಶದಲ್ಲಿಯೂ ದಾರಿ ತೋರಿಸಿದವರುಂಟು. 1998ರಲ್ಲಿ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಬುಧನ್ ಶಬರ್ ಎಂಬ ವಿಮುಕ್ತ ಜನಾಂಗದವನು ಪೋಲೀಸರ ವಶದಲ್ಲಿ ಏಟು ತಿಂದು ಸತ್ತನು. ಲೇಖಕಿ ಮಹಾಶ್ವೇತಾ ದೇವಿಯವರು ಮುಂದೆ ನಿಂತು ಆ ಮೊಕದ್ದಮೆಯನ್ನು ಕಲಕತ್ತೆಯ ಹೈಕೋರ್ಟಿನಲ್ಲಿ ಹೋರಾಡಿದರು. ಅದೇ ವರ್ಷ ಗುಜರಾತಿನ ಅಹಮದಾಬಾದಿನಲ್ಲಿ, ಹಿಂದೆ ಸೆಟ್ಲಮೆಂಟಾಗಿದ್ದ ಛಾರಾನಗರದ ತರುಣರು, ಎಂದೂ ಕಾಣದ ಆ ಬುಧನನ ಸಾವನ್ನು ನಾಟಕವಾಗಿ ಆಡಿದರು. ಅವರ ಬುಧನ್ ಥಿಯೇಟರಿಗೆ ಹೆಸರು ಬಂದದ್ದು ಹಾಗೆ. ಅಲ್ಲಿ ಒಂದು ಗ್ರಂಥಾಲಯವೂ ಹುಟ್ಟಿತು. 

ಇಷ್ಟನ್ನು ಓದಿಕೊಂಡು ನಾನು ಉತ್ಸಾಹದಿಂದ, “ಅಜ್ಜೀ, ನಮ್ಮ ನ್ಯಾಯಾ ನಾವ ಮಾಡ್ಕೋಬೇಕು, ನಮ್ಮ ಪಂಚರನ್ನ ಮತ್ತ ಕೂಡಸ್ಬೇಕು” ಎಂದೆ. ಅಜ್ಜಿ ನಕ್ಕಳು.

“ಪಂಚರ ಮುಂದ ಹೆಂಗಸರಿಗೆ ಬಾಯಿ ಎಲ್ಲಿತ್ತೋ? ನಮ್ಮಕ್ಕಗ ದಂಡಾ ಹಾಕಿದಾಗ ಆಕಿನ್ನ ಒಂದು ಮಾತು ಕೇಳ್ಲಿಲ್ಲ. ದಂಡದ ರೊಕ್ಕದಾಗ ಪಂಚರ ಶೆರೇ ಕುಡ್ದ್ರು.”

ನನ್ನ ಉತ್ಸಾಹ ಅರ್ಧ ಇಳಿಯಿತು. ಉಳಿದ ಅರ್ಧ ಗಟ್ಟಿಯಾಯಿತು. ನಮ್ಮವರೇ ಎಂದೊಡನೆ ನ್ಯಾಯವಂತರಾಗುವುದಿಲ್ಲ. ನಮ್ಮ ಕೈಗೆ ಅಧಿಕಾರ ಬರಬೇಕೆಂದು ಕೇಳುವವರು, ಆ ಕೈಗಳಲ್ಲಿ ಅಜ್ಜಿಯ ಕೈಯೂ ಅಕ್ಕನ ಕೈಯೂ ಇರಬೇಕೆಂದು ಮೊದಲು ಒಪ್ಪಬೇಕು. ಗೇಟಿನಲ್ಲಿ ಹಾಜರಿ ಕೊಡುವಾಗ ಹೆಂಗಸರಿಗೂ ಒಂದು ಸಾಲು ಇತ್ತು. ಕಟ್ಟೆಯ ಮೇಲೂ ಅವರ ಸಾಲು ಇರಲೇಬೇಕು.

ಹಾಗಾದರೆ ಏನಾಗಬೇಕು? ನಾನು ವಿದ್ಯಾರ್ಥಿ; ದೊಡ್ಡ ಯೋಜನೆ ಹಾಕುವ ಯೋಗ್ಯತೆ ನನಗಿಲ್ಲ. ನಮ್ಮ ಕೇರಿಯ ಅನುಭವದಿಂದ ತೋರಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ. ರೂಢಿಗತ ಅಪರಾಧಿಗಳ ಕಾನೂನು ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದನ್ನು ತೆಗೆದುಹಾಕಬೇಕು. ಠಾಣೆಗಳಲ್ಲಿ ಸಂಶಯದ ಪಟ್ಟಿಗೆ ಯಾರ ಹೆಸರು ಏಕೆ ಸೇರಿತು, ಎಂದು ಹೊರಬರುತ್ತದೆ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ನ್ಯಾಯಾಧೀಶರ ಎದುರಿನಲ್ಲಿ, ಕೇರಿಯ ಹೆಣ್ಣುಗಂಡು ಪ್ರತಿನಿಧಿಗಳ ಸಮಕ್ಷಮದಲ್ಲಿ ನೋಡಬೇಕು. ನಮಗಾಗಿ ಇರುವ ಮಂಡಳಿ, ಸಮಿತಿಗಳಲ್ಲಿ ನಮ್ಮವರೇ ಹೆಚ್ಚು ಜನರಿರಬೇಕು; ಹಣವನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂಬುದನ್ನು ಅವರೇ ಹೇಳಬೇಕು. ಬರ್ಕ್ ಊರಿನವರಿಗೆ ಲೈಸೆನ್ಸ್ ಬೇಕಾಗಿತ್ತು. ನಮ್ಮ ಕೇರಿಗೆ ಬೇಕಾದದ್ದು ಜಾತಿಯ ದಾಖಲೆಯೋ, ಮನೆಯ ಹಕ್ಕುಪತ್ರವೋ, ಸಂಜೆಯ ಓದುಕೋಣೆಯೋ, ಅದನ್ನು ನಮ್ಮನ್ನೇ ಕೇಳಲಿ.

ನಾಲ್ಕನೆಯದು ನನ್ನ ಕೈಯಲ್ಲಿಯೇ ಇದೆ. ಕಾನೂನು ಸೇವಾ ಪ್ರಾಧಿಕಾರದವರು 2009ರಿಂದ ಸಾಮಾನ್ಯ ಜನರಿಗೇ ಕಾನೂನಿನ ಪ್ರಾಥಮಿಕ ಜ್ಞಾನ ಕೊಟ್ಟು ಸ್ವಯಂಸೇವಕರನ್ನಾಗಿ ಮಾಡುವ ಯೋಜನೆಯನ್ನು ಇಟ್ಟುಕೊಂಡಿದ್ದಾರೆ. ವಕೀಲರೇ ಆಗಿರಬೇಕೆಂದಿಲ್ಲ. ಬಿ.ಎ. ಮುಗಿದೊಡನೆ ಅದಕ್ಕೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದ್ದೇನೆ. ನಮ್ಮ ಓಣಿಯ ಇಬ್ಬರು ಹುಡುಗಿಯರೂ ಒಬ್ಬ ಹುಡುಗನೂ ಜೊತೆಗೆ ಬರುತ್ತೇವೆಂದಿದ್ದಾರೆ. ಅನಂತರ ಸಾಧ್ಯವಾದರೆ ಕಾನೂನು ಕಾಲೇಜು. ರಾತ್ರಿ ನಮ್ಮ ಕೇರಿಯ ಹುಡುಗನನ್ನು ಯಾರಾದರೂ ಠಾಣೆಗೆ ಕರೆದೊಯ್ದರೆ, ಆ ತೀರ್ಪಿನ ಪ್ರತಿಯನ್ನು ಹಿಡಿದುಕೊಂಡು ಅವನ ಪಕ್ಕದಲ್ಲಿ ನಿಲ್ಲುವವನೊಬ್ಬನಾದರೂ ಇರಲಿ ಎಂಬುದಷ್ಟೇ ನನ್ನ ಆಸೆ. ಅಜ್ಜಿಯ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದೊಂದೇ.

ವಿದ್ಯಾರ್ಥಿ ಬಂಧುಗಳಲ್ಲಿ ಒಂದು ವಿನಂತಿಯಿದೆ. ನಿಮ್ಮಲ್ಲಿ ಅನೇಕರು ಮುಂದೆ ಪೋಲೀಸು ಖಾತೆಗೆ ಸೇರುವಿರಿ, ಕಚೇರಿಗಳಲ್ಲಿ ಕೂಡ್ರುವಿರಿ, ಮಾಸ್ತರರಾಗುವಿರಿ, ವಸತಿಗೃಹ ನಡೆಯಿಸುವಿರಿ. ಒಂದಿಲ್ಲೊಂದು ಪಟ್ಟಿ ನಿಮ್ಮ ಕೈಗೆ ಬಂದೇ ಬರುತ್ತದೆ. ಹೆಸರು ಕರೆಯುವಾಗ ಒಮ್ಮೆ ತಲೆ ಮೇಲೆತ್ತಿ ನೋಡಿರಿ. ದನಿ ಹೊರಡದೆ ಕೈಯೆತ್ತಿದವನು ಎದುರಿಗೇ ಇರಬಹುದು.

ಹೋದ ಆಗಸ್ಟ್ 31ರಂದು ನಮ್ಮ ಕೇರಿಯಲ್ಲಿ ವಿಮುಕ್ತ ದಿನವನ್ನು ಆಚರಿಸಿದೆವು. ದುರ್ಗವ್ವನ ಗುಡಿಯ ಮುಂದೆ ಒಂದು ಮೇಜು ಹಾಕಿ, ಬಂದವರ ಹೆಸರು ಬರೆದುಕೊಳ್ಳಲು ನನ್ನನ್ನು ಕೂಡ್ರಿಸಿದ್ದರು. ಅಜ್ಜಿ ಕೋಲೂರಿಕೊಂಡು ಬಂದಳು. ಮೇಜು, ಪಟ್ಟಿ, ಬರೆಯುವವನು ಎಲ್ಲವನ್ನೂ ನೋಡಿ ಸ್ವಲ್ಪ ಹೊತ್ತು ನಿಂತಳು. ನಾನು ಎದ್ದು ನಿಂತು ಲೇಖನಿಯನ್ನು ಅವಳ ಕೈಗೆ ಕೊಟ್ಟೆ. ಸೆಟ್ಲಮೆಂಟಿನ ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ಅವಳು ತನ್ನ ಹೆಸರನ್ನು ತಾನೇ ಬರೆದಳು. ಬರೆದು, ಪಕ್ಕದ ಮನೆಯಿಂದ ಯಾರೂ ಬಂದಿಲ್ಲವೇಕೆಂದು ಕೇಳಿ, ಅವರನ್ನು ಕರೆತರಲು ನನ್ನನ್ನು ಅಟ್ಟಿದಳು.